ಭೀಮಣ್ಣನ ಹಿಮ್ಮಡಿಗೆ ಒದ್ದವರು

ಹೋದ ತಿಂಗಳು ತಮ್ಮನ ಬಸುರಿ ಸೊಸೆಯ ಕುಬಸದ ಊಟಕ್ಕೆಂದು ಯಾದಗಿರಿಯಿಂದ ಶಹಾಪುರದ ಬಸ್ಸು ಹತ್ತಿದ್ದೆ. ಕಿಟಕಿಯ ಪಕ್ಕ ಕೂತು ತೂಕಡಿಸುತ್ತಿದ್ದವನಿಗೆ ಕಾಲುವೆಯ ಸೇತುವೆ ಬಂದಾಗ ಕಣ್ಣಿಗಿಂತ ಮೊದಲು ಮೂಗಿಗೆ ಎಚ್ಚರವಾಯಿತು. ಬೇಸಿಗೆಯೆಲ್ಲ ಒಣಗಿದ ಕಾಲುವೆಗೆ ಮೊದಲ ನೀರು ಬಿಟ್ಟಾಗ ಒಂದು ವಾಸನೆ ಏಳುತ್ತದೆ. ಕಾದ ಹೂಳು, ಜಾಲಿಯ ತರಗೆಲೆ, ಎಮ್ಮೆಯ ಸಗಣಿ, ಸತ್ತ ಏಡಿ ಎಲ್ಲವೂ ಒಟ್ಟಿಗೆ ನೆನೆದ ವಾಸನೆ. ಬೇರೆಯವರು ಮೂಗು ಮುಚ್ಚಿಕೊಂಡರು. ನಾನು ಕತ್ತು ಹೊರಗೆ ಹಾಕಿ ಎದೆ ತುಂಬ ಎಳೆದುಕೊಂಡೆ. ಪಕ್ಕದಲ್ಲಿದ್ದ ಹೆಣ್ಣುಮಗಳು, "ವಾಂತಿ ಬರಾಕತ್ತದೇನ್ರಿ ಯಜ್ಜಾ? ನಿಂಬಿಹಣ್ಣು ಕೊಡ್ಲೇನು?" ಎಂದಳು. ವಾಂತಿಯಲ್ಲವ್ವ, ನೆನಪು ಎಂದು ಹೇಳಲು ನಾಚಿಕೆಯಾಗಿ ಹಣ್ಣು ಇಸಿದುಕೊಂಡೆ.

ಆಗ ನಮ್ಮ ಜಿಲ್ಲೆ ಇನ್ನೂ ಗುಲ್ಬರ್ಗ. ಕಾಲುವೆಗೆ ನೀರು ಬಂದು ನಾಲ್ಕೈದು ವರ್ಷವಾಗಿತ್ತು. ನಾನು ಭೀಮರಾಯನಗುಡಿಯ ನೀರಾವರಿ ಇಲಾಖೆಯ ಕ್ಯಾಂಪಿನಲ್ಲಿ ಟೈಪಿಸ್ಟ್ ಆಗಿದ್ದೆ. ಸಂಜೆ ಆಫೀಸು ಬಿಟ್ಟರೆ ಚಹಾ ಕುಡಿಯುವುದು, ಮೇಲಿನವರನ್ನು ಬೈಯುವುದು, ಮತ್ತೆ ಚಹಾ ಕುಡಿಯುವುದು. ಹೀಗಿರುವಾಗ ಮೈಸೂರಿನ ಕಡೆಯಿಂದ ಫುಟ್‌ಬಾಲ್ ಹುಚ್ಚಿನ ಇಂಜಿನಿಯರ್ ಒಬ್ಬರು ವರ್ಗವಾಗಿ ಬಂದರು. ಜಲ್ಲಿ ಸುರಿಯುತ್ತಿದ್ದ ಬಯಲನ್ನು ಹಸನು ಮಾಡಿಸಿ, ಹಳೆಯ ಪೈಪು ನೆಟ್ಟು ಗೋಲು ನಿಲ್ಲಿಸಿ, ಗುಮಾಸ್ತ, ಡ್ರೈವರ್, ಕೂಲಿ ಎನ್ನದೆ ಎಲ್ಲರನ್ನೂ ಮೈದಾನಕ್ಕೆ ಎಳೆದರು. ಒಂದೂವರೆ ವರ್ಷಕ್ಕೆ ಅವರಿಗೆ ಮತ್ತೆ ವರ್ಗವಾಯಿತು. ಚೆಂಡು ನಮ್ಮಲ್ಲೇ ಉಳಿಯಿತು, ಹುಚ್ಚೂ ಉಳಿಯಿತು. ನನಗೆ ಓಡಲು ಬಾರದೆಂದು ಮೊದಲ ದಿನವೇ ಗೋಲಿನಲ್ಲಿ ನಿಲ್ಲಿಸಿದ್ದರು. ಆ ಹುದ್ದೆಯಲ್ಲಿ ನಾನು ಕಾಯಂ ಆದೆ.

ನಮ್ಮ ತಂಡವೆಂದರೆ ಭೀಮಣ್ಣ. ಸಗರದವನು, ಕಾಲುವೆಯ ಲಷ್ಕರ್. ಗೇಟು ಎತ್ತಿಳಿಸುತ್ತ, ದಂಡೆಯ ಮೇಲೆ ದಿನವೂ ಮೈಲಿಗಟ್ಟಲೆ ನಡೆದು ನೀರು ಕಾಯುವ ನೌಕರನಿಗೆ ಲಷ್ಕರ್ ಎನ್ನುತ್ತಾರೆ. ನಡೆದೂ ನಡೆದೂ ಅವನ ಕಾಲು ಕಬ್ಬಿಣವಾಗಿತ್ತು. ತಲೆಗೆ ಕೆಂಪು ವಸ್ತ್ರ ಬಿಗಿದು ಚೆಂಡು ತೆಗೆದುಕೊಂಡು ಹೊರಟನೆಂದರೆ ಎದುರಾಳಿಗಳು ಅವನ ಬೆನ್ನಷ್ಟೇ ನೋಡುತ್ತಿದ್ದರು, ನಾವೂ ಅಷ್ಟೇ. ನಮ್ಮ ಆಟಕ್ಕೆ ಇದ್ದದ್ದು ಒಂದೇ ನಿಯಮ, ಚೆಂಡು ಸಿಕ್ಕರೆ ಭೀಮಣ್ಣನಿಗೆ ಕೊಡು. ಮುಂದಿನದು ಅವನು ನೋಡಿಕೊಳ್ಳುತ್ತಿದ್ದ.

ಎಡಗಡೆಯ ಅಂಚಿನಲ್ಲಿ ನಿಲ್ಲುತ್ತಿದ್ದವನು ಮಲ್ಲೇಶಿ. ಕಾಲುವೆ ಮುಗಿಯುವ ಊರೊಂದರ ಶಾಲೆಯಲ್ಲಿ ಮಾಸ್ತರ. ಶಾಲೆ ಬಿಟ್ಟೊಡನೆ ಒಂಬತ್ತು ಮೈಲಿ ಸೈಕಲ್ ತುಳಿದು ಆಡಲು ಬರುತ್ತಿದ್ದ, ಆಡಿ ಮತ್ತೆ ಒಂಬತ್ತು ಮೈಲಿ ಹೋಗುತ್ತಿದ್ದ. ಇಷ್ಟು ಮಾಡಿದರೂ ಅವನ ಕಾಲಿಗೆ ಚೆಂಡು ಬರುತ್ತಿದ್ದದ್ದು ಆಟಕ್ಕೆ ಎರಡು ಸಲ, ಅದೂ ತಪ್ಪಿ. ಕಾಲುವೆಯ ಕೊನೆಯ ಭಾಗಕ್ಕೆ ಇಂಜಿನಿಯರರಿಂದ ಹಿಡಿದು ಕುರಿ ಕಾಯುವವರ ತನಕ ಎಲ್ಲರೂ 'ಟೇಲ್' ಎಂದೇ ಅನ್ನುತ್ತಾರೆ. ಭೀಮಣ್ಣ ಅವನನ್ನು ಕರೆಯುತ್ತಿದ್ದದ್ದೂ ಹಾಗೆಯೇ, "ಲೇ ಟೇಲ್, ಸರೀ ಆ ಕಡಿ!" ಮಲ್ಲೇಶಿ ನಕ್ಕು ಸರಿಯುತ್ತಿದ್ದ.

ಆ ಟೇಲಿನಲ್ಲಿ ಮಲ್ಲೇಶಿಗೆ ನಾಲ್ಕು ಎಕರೆ ಹೊಲವೂ ಇತ್ತು. ಹಿಂದಿನ ವರ್ಷ ಅಲ್ಲಿ ಹಾಕಿದ್ದ ಶೇಂಗಾ ನೀರಿಲ್ಲದೆ ಒಣಗಿ ಹೋಗಿತ್ತು. ಕಾಲುವೆಯಲ್ಲಿ ನೀರೇನೋ ಇತ್ತು. ಮೇಲಿನ ಹೊಲದವರು ದಂಡೆಗೆ ಪೈಪು ಹಾಕಿ ಎಳೆದುಕೊಂಡಿದ್ದರಿಂದ ಕೆಳಗೆ ಮುಟ್ಟಲಿಲ್ಲ. ಆ ಕಾಲುವೆಯ ಲಷ್ಕರ್ ನಮ್ಮ ಭೀಮಣ್ಣನೇ. ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಒಣಗಿದ ಶೇಂಗಾ ಹರಗಿ ಮಣ್ಣಿಗೆ ಸೇರಿಸಿದ ಮರುದಿನವೂ ಮಲ್ಲೇಶಿ ಎಂದಿನಂತೆ ಸೈಕಲ್ ಮೇಲೆ ಆಟಕ್ಕೆ ಬಂದಿದ್ದ.

ದೀಪಾವಳಿ ಮುಗಿದು ಎರಡು ವಾರವಾಗಿರಬೇಕು, ಹತ್ತಿ ಬಿಡಿಸುವ ಕಾಲ. ನಾವು ನಾವೇ ಎರಡು ಪಾಲಾಗಿ ಆಡುತ್ತಿದ್ದೆವು. ಭೀಮಣ್ಣ ಚೆಂಡು ತೆಗೆದುಕೊಂಡು ನಾನು ನಿಂತಿದ್ದ ಗೋಲಿನ ಕಡೆಗೇ ಬರುತ್ತಿದ್ದ. ಒಮ್ಮೆ ಜಿಗಿದು ಓಡಬೇಕು ಎನ್ನುವಷ್ಟರಲ್ಲಿ ಟಪ್ ಎಂದು ಕಟ್ಟಿಗೆ ಮುರಿದ ಸದ್ದಾಯಿತು. ಅವನು ಮುಗ್ಗರಿಸಿ ಬಿದ್ದ. ಬಿದ್ದವನು ಹಿಮ್ಮಡಿ ಹಿಡಿದುಕೊಂಡು ಹಿಂದೆ ತಿರುಗಿ ಚೀರಿದ, "ಯಾಕ ಒದ್ದೀಯೋ ಮಲ್ಲೇಶಿ? ನಾ ನಿನಗ ಏನ್ ಮಾಡಿದ್ನೋ?"

ಮಲ್ಲೇಶಿ ಅವನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿದ್ದ. ಉಳಿದವರ ಕಣ್ಣು ಚೆಂಡಿನ ಮೇಲಿತ್ತು. ಮೈದಾನವೆಲ್ಲ ಎದುರಿಗೆ ಕಾಣುತ್ತಿದ್ದದ್ದು ಗೋಲಿನಲ್ಲಿದ್ದ ನನಗೊಬ್ಬನಿಗೆ.

"ಭೀಮಣ್ಣ, ಅಂವ ದೂರ ಇದ್ದ," ಎಂದೆ.

"ನಿಮಗೇನ್ ಕಂಡದ್ರಿ ಟೈಪಿಸ್ಟ್ರ? ಹಿಂಬಡ ನಿಮ್ದೋ ನಂದೋ?"

ಹಿಮ್ಮಡಿ ಅವನದೇ ಆಗಿತ್ತು. ನಾನು ಸುಮ್ಮನಾದೆ. ಆಮೇಲೆಯೂ ಸುಮ್ಮನೇ ಇದ್ದೆ, ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಯಾಕೆಂದರೆ ಮಾತು ಅಲ್ಲಿಗೆ ನಿಲ್ಲಲಿಲ್ಲ. ಮೂರು ದಿನದಲ್ಲಿ ಚಹಾದಂಗಡಿಯಿಂದ ಶಹಾಪುರದ ಸಂತೆಗೆ, ಸಂತೆಯಿಂದ ಟೇಲಿನ ಊರಿಗೆ ಸುದ್ದಿ ಹೋಯಿತು. 'ಟೇಲಿನವ್ರು ಲಷ್ಕರನ ಕಾಲು ಮುರದ್ರಂತ, ನೀರಿನ ಸಿಟ್ಟು.' ನೀರಿನ ಜಗಳ ಅಂದರೆ ನಮ್ಮ ಕಡೆ ಜನ ಪುರಾವೆ ಕೇಳುವುದಿಲ್ಲ, ಕೂಡಲೇ ನಂಬುತ್ತಾರೆ. ಮಲ್ಲೇಶಿ ಎರಡು ಸಂಜೆ ಬಂದು ಅಂಚಿನಲ್ಲಿ ನಿಂತ. ಯಾರೂ ಮಾತಾಡಿಸಲಿಲ್ಲ. ಮೂರನೆಯ ದಿನ ಅವನ ಸೈಕಲ್ ಬರಲಿಲ್ಲ.

ಆ ನಡುವೆ ಯಾದಗಿರಿಯವರು ಆಡಲು ಬಂದರು. ಆ ಪಂದ್ಯವನ್ನು ಏನೆಂದು ಹೇಳಲಿ! ಚೆಂಡು ಸಿಕ್ಕಿದವನೆಲ್ಲ ಅಭ್ಯಾಸಬಲದಿಂದ ಭೀಮಣ್ಣ ನಿಲ್ಲುತ್ತಿದ್ದ ಜಾಗಕ್ಕೇ ಒದೆಯುತ್ತಿದ್ದ. ಅಲ್ಲಿ ಭೀಮಣ್ಣ ಇರಲಿಲ್ಲ, ಯಾದಗಿರಿಯವನೊಬ್ಬ ಆರಾಮಾಗಿ ನಿಂತಿದ್ದ. ನಾವು ಕೊಟ್ಟ ಚೆಂಡನ್ನೇ ತೆಗೆದುಕೊಂಡು ಬಂದು ನನಗೆ ಐದು ಗೋಲು ಹೊಡೆದರು. ಕೊನೆಯ ಗೋಲು ಹೊಡೆದವನು ಕೈಕುಲುಕಿ, "ಭಾಳ ಚಲೋ ಪಾಸ್ ಕೊಡ್ತೀರಿ," ಎಂದು ಹೋದ.

ಭೀಮಣ್ಣ ಉಳುಕು ಎಂದುಕೊಂಡು ಸಗರದಲ್ಲಿ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದ, ಅರಿಶಿನದ ಪಟ್ಟು ಹಾಕಿಸುತ್ತಿದ್ದ. ಎರಡು ವಾರವಾದರೂ ಆ ಕಾಲಿನ ತುದಿಬೆರಳ ಮೇಲೆ ನಿಲ್ಲಲು ಆಗಲಿಲ್ಲ. ನಾನೇ ಗುಲ್ಬರ್ಗಕ್ಕೆ ಕರೆದುಕೊಂಡು ಹೋದೆ. ಮೂಳೆ ಡಾಕ್ಟರು ಅವನನ್ನು ಬೋರಲು ಮಲಗಿಸಿ, ಮೀನಖಂಡ ಹಿಚುಕಿ, ಹಿಮ್ಮಡಿಯ ಮೇಲೆ ಬೆರಳಿಟ್ಟರು. ಅಲ್ಲಿ ಹಗ್ಗದಂತೆ ಇರಬೇಕಾದ ನರದ ಜಾಗದಲ್ಲಿ ತಗ್ಗು ಬಿದ್ದಿತ್ತು.

"ಹಿಂದಿನಿಂದ ಯಾರೋ ಒದ್ದಂಗ ಅನಿಸ್ತೇನು?" ಎಂದು ಕೇಳಿದರು.

"ಅನಿಸೂದೇನ್ರಿ, ಒದ್ದಾನ್ರಿ! ಹೆಸರು ಬೇಕಾದ್ರ ಬರ್ಕೋರಿ."

ಡಾಕ್ಟರು ನಕ್ಕರು. "ಬರಕೋತ ಹೋದ್ರ ಪುಸ್ತಕ ಸಾಲಂಗಿಲ್ಲಪ್ಪ. ಈ ನರ ಹರದವ್ರೆಲ್ಲ ಹಂಗೇ ಅಂತಾರ. ಹೋದ ತಿಂಗಳ ಒಬ್ಬರು ಮೆಟ್ಟಲ ಇಳಿಯೂವಾಗ ಹರ್ಕೊಂಡ್ರು. ಹೆಂಡ್ತಿ ಒದ್ದಾಳ ಅಂದ್ರು. ಹೆಂಡ್ತಿ ತವರಮನ್ಯಾಗ ಇದ್ಳು. ತಾನೇ ಹರೀತದ, ಒದ್ದಂಗ ಅನಿಸ್ತದ, ಅಷ್ಟೇ."

ಭೀಮಣ್ಣ ಬೋರಲು ಮಲಗಿದಲ್ಲೇ ಮುಖ ದಿಂಬಿಗೆ ಒತ್ತಿಕೊಂಡ. ನಾನು ಗೋಡೆಯ ಮೇಲಿದ್ದ ಎಲುಬಿನ ಚಿತ್ರ ನೋಡುತ್ತ ನಿಂತೆ.

ನರ ಹೊಲಿದು, ಬೆರಳು ನೆಲಕ್ಕೆ ಮುಖ ಮಾಡುವ ಹಾಗೆ ಮೊಣಕಾಲಿನ ತನಕ ಪ್ಲಾಸ್ಟರ್ ಹಾಕಿದರು. ಕೆಲವು ದಿನಗಳ ನಂತರ ಬಸ್ಸಿನಲ್ಲಿ ವಾಪಸು ಬರುವಾಗ ಆ ಪ್ಲಾಸ್ಟರ್ ಕಾಲು ನನ್ನ ತೊಡೆಯ ಮೇಲಿತ್ತು. ಜೇವರ್ಗಿ ದಾಟಿದ ಮೇಲೆ ಅವನು ಕಿಟಕಿಯ ಕಡೆ ನೋಡುತ್ತಲೇ ಹೇಳಿದ, "ಟೈಪಿಸ್ಟ್ರ, ಹೋದ ವರ್ಷ ನಾ ಆ ಪೈಪ್ ನೋಡಿದ್ನಿರಿ. ನೋಡೀನೂ ನೋಡಲಾರದಂಗ ಹೋದೆ. ಮ್ಯಾಲಿನವ್ರು ಕರದು ಚಾ ಕೊಡ್ತಿದ್ರು, ಭಜಿ ಕೊಡ್ತಿದ್ರು. ಶೇಂಗಾ ಒಣಗಿದ ಮ್ಯಾಲ ಮಲ್ಲೇಶಿ ಬಂದು ಬೈತಾನ ಅಂತ ದಿನಾ ಕಾದೆ. ಬೈದಿದ್ರ ಚಲೋ ಇತ್ತು. ಅಂವ ಒಂದು ಮಾತ ಬೈಲಿಲ್ಲ. ಅದಕ್ಕ, ಹಿಂಬಡಕ್ಕ ಏಟು ಬಿದ್ದ ಕೂಡ್ಲೇ, ಇವತ್ತು ತೀರಿಸ್ಕೊಂಡ ಅನಿಸ್ತು."

ನಾನು ಕಂಡದ್ದನ್ನು ಕಂಡ ಹಾಗೆ ಗಟ್ಟಿಯಾಗಿ ಹೇಳದ ತಪ್ಪಿಗೆ ನಾನೂ ತಲೆ ತಗ್ಗಿಸಿದೆ. ಇಬ್ಬರೂ ಕೂಡಿ ಕಂಡಕ್ಟರ್ ಕೊಟ್ಟ ಹುರಿಗಡಲೆ ತಿಂದೆವು.

ಭೀಮರಾಯನಗುಡಿಯಲ್ಲಿ ಇಳಿದ ಮೇಲೆ ಅವನು ಮನೆಗೆ ಹೋಗಲು ಒಪ್ಪಲಿಲ್ಲ. ಟೇಲಿನ ಊರಿನ ಕಡೆ ಹೊರಟಿದ್ದ ಟ್ರ್ಯಾಕ್ಟರ್ ಒಂದನ್ನು ನಿಲ್ಲಿಸಿ, ಟ್ರಾಲಿಯಲ್ಲಿದ್ದ ಹತ್ತಿಕಟ್ಟಿಗೆಯ ಮೇಲೆ ಅವನನ್ನು ಕೂರಿಸಿದೆವು. ಶಾಲೆಯ ಮುಂದೆ ಟ್ರ್ಯಾಕ್ಟರ್ ನಿಂತಾಗ ಒಳಗೆ ಹದಿಮೂರರ ಮಗ್ಗಿ ನಡೆದಿತ್ತು, ಹದಿಮೂರ ಏಳಲಿಗೆ ನಿಂತುಹೋಯಿತು. ಮಲ್ಲೇಶಿ ಕೈಯಲ್ಲಿ ಸೀಮೆಸುಣ್ಣ ಹಿಡಿದು ಹೊರಗೆ ಬಂದ. ಮಕ್ಕಳೂ ಬಂದರು, ಪಕ್ಕದ ಮನೆಯವರೂ ಬಂದರು. ಭೀಮಣ್ಣ ಟ್ರಾಲಿಯ ಮೇಲಿಂದಲೇ ಊರಿಗೆಲ್ಲ ಕೇಳುವ ಹಾಗೆ ಹೇಳಿದ, "ಮಾಸ್ತರ, ನೀವು ನನಗ ಒದ್ದಿಲ್ರಿ!"

ಟೇಲ್ ಎನ್ನುತ್ತಿದ್ದ ಬಾಯಿಂದ ಮಾಸ್ತರ ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು.

ಮಲ್ಲೇಶಿ ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡ. "ಅದು ನನಗ ಮೊದ್ಲೇ ಗೊತ್ತಿತ್ತು, ಭೀಮಣ್ಣ," ಎಂದ.

ಮೊದಲು ನಕ್ಕವನು ಟ್ರ್ಯಾಕ್ಟರಿನ ಡ್ರೈವರ್. ಆಮೇಲೆ ಮಕ್ಕಳು ನಕ್ಕರು, ಕೊನೆಗೆ ನಾವು. ಆದರೆ ಅವನ ಮನೆಯಲ್ಲಿ ಚಹಾ ಕುಡಿಯುವಾಗ ಮಲ್ಲೇಶಿ ನಗಲಿಲ್ಲ. "ನಮ್ಮವ್ವ ದಿನಾ ಕೇಳ್ಯಾಳ, ಖರೇ ಹೇಳಪ್ಪಾ, ಒದ್ದೀಯೇನು ಅಂತ. ನಮ್ಮವ್ವ ಸೈತ," ಎಂದ. ನಾನು, "ಮಾಸ್ತರ, ನಾ ನೋಡಿದ್ದೆ, ನೀವು ದೂರ ಇದ್ರಿ," ಎಂದೆ. "ಗೊತ್ರಿ. ಗೋಲ್‌ನ್ಯಾಗ ನಿಂತವ್ರಿಗಿ ಕಾಣಲಾರದ ಇರ್ತದೇನು?" ಎಂದು ಇನ್ನೊಂದು ಬಟ್ಟಲು ಚಹಾ ನನ್ನ ಕೈಗೆ ಕೊಟ್ಟ. ಬೈದಿದ್ದರೆ ಚಲೋ ಇತ್ತು ಎಂದು ಭೀಮಣ್ಣ ಹೇಳಿದ್ದರ ಅರ್ಥ ನನಗೂ ಆಗ ಆಯಿತು.

ಸಂಕ್ರಾಂತಿಗೆ ಇನ್ನು ಒಂದು ತಿಂಗಳಿತ್ತು. ಪ್ರತಿ ವರ್ಷ ಸಂಕ್ರಾಂತಿಯ ಹಿಂದಿನ ದಿನ, ಭೋಗಿಯ ಬೆಳಿಗ್ಗೆ, ಸುರಪುರದವರ ಜೊತೆ ನಮ್ಮ ಪಂದ್ಯ. ಎರಡೂ ಕಡೆಯ ಮನೆಗಳಿಂದ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಭರ್ತ, ಶೇಂಗಾ ಹೋಳಿಗೆ ಬರುತ್ತಿದ್ದವು. ಗೆದ್ದವರು ಸಾಲಾಗಿ ಕೂತು ಉಣ್ಣಬೇಕು, ಸೋತವರು ಬಡಿಸಿ ಉಳಿದದ್ದನ್ನು ಆಮೇಲೆ ಉಣ್ಣಬೇಕು. ಭೀಮಣ್ಣನಿಂದಾಗಿ ಎರಡು ವರ್ಷ ನಾವು ಕೂತು ಉಂಡಿದ್ದೆವು. ಆ ವರ್ಷ ಸುರಪುರದವರು, ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು ಬರ್ರಿ, ಬಡಸಾಕ ಅನುಕೂಲ ಆಗ್ತದ ಎಂದು ಹೇಳಿ ಕಳಿಸಿದ್ದರು.

"ಆಟಕ್ಕ ಬರ್ತೀರಿಲ್ಲ ಮಾಸ್ತರ?" ಎಂದು ಆ ದಿನ ಚಹಾ ಕುಡಿದು ಹೊರಡುವಾಗ ಭೀಮಣ್ಣ ಕೇಳಿದ್ದಕ್ಕೆ ಮಲ್ಲೇಶಿ, "ನಾ ಬರ್ತೀನಿ. ಚಂಡು ಬರಬೇಕಲ್ಲ?" ಎಂದಿದ್ದ. ಆ ಮಾತು ಭೀಮಣ್ಣನ ತಲೆಗೆ ಹೊಕ್ಕಿತು. ಮರುದಿನ ಮೈದಾನದ ಅಂಚಿಗೆ ಹಗ್ಗ ಹೆಣೆದ ಹೊರಸು ಮಂಚ ಹಾಕಿಸಿ, ಪ್ಲಾಸ್ಟರ್ ಕಾಲು ಚಾಚಿ ಕೂತು, ಆಟಕ್ಕೆ ವಾರಾಬಂದಿ ಜಾರಿ ಮಾಡಿದ. ಕಾಲುವೆಯಲ್ಲಿ ಇಷ್ಟು ದಿನ ಇವರಿಗೆ ನೀರು, ಆಮೇಲೆ ಬಂದ್, ಆಮೇಲೆ ಅವರಿಗೆ ಎಂದು ಪಾಳಿ ಹಚ್ಚುತ್ತಾರಲ್ಲ, ಅದೇ ವಾರಾಬಂದಿ. ಇಲ್ಲಿಯೂ ಹಾಗೆಯೇ. ಚೆಂಡು ಯಾರ ಕಾಲಲ್ಲೂ ಅವನು ಮೂರು ಎಣಿಸುವುದಕ್ಕಿಂತ ಹೆಚ್ಚು ಹೊತ್ತು ನಿಲ್ಲುವಂತಿಲ್ಲ. ಮೂರಾಯಿತೆಂದರೆ ಹೊರಸಿನಿಂದ "ಬಂದ್!" ಎಂಬ ಕೂಗು ಬೀಳುತ್ತಿತ್ತು. ಮತ್ತು ಮೊದಲ ಪಾಳಿ ಯಾವಾಗಲೂ ಟೇಲಿಗೆ, ಅಂದರೆ ಎಡದ ಅಂಚಿನ ಮಲ್ಲೇಶಿಗೆ.

ಮೊದಲ ವಾರ ಮೈದಾನದಲ್ಲಿ ಬರೀ ತಕರಾರು. ನಮ್ಮ ಜೀಪ್ ಡ್ರೈವರ್ ಆಟ ನಿಲ್ಲಿಸಿ ವಾದಕ್ಕೆ ನಿಂತ, "ಭೀಮಣ್ಣ, ನೀ ಆಡೂವಾಗ ಈ ವಾರಾಬಂದಿ ಎಲ್ಲಿ ಹೋಗಿತ್ತು?"

"ಅವಾಗ ನಾ ಮ್ಯಾಲಿನ ಹೊಲದಾವ ಇದ್ದೆ. ಈಗ ದಂಡಿ ಮ್ಯಾಲ ಕುಂತೀನಿ. ಇಲ್ಲಿಂದ ಎಲ್ಲಾ ಕಾಣಸ್ತದ. ಬಂದ್! ಬಿಡು ಚಂಡು!"

ಎರಡನೆಯ ವಾರಕ್ಕೆ ನಮಗೇ ಆಶ್ಚರ್ಯವಾಗುವಂತೆ ಚೆಂಡು ಒಬ್ಬರಿಂದ ಒಬ್ಬರಿಗೆ ಹರಿಯತೊಡಗಿತು. ಮಲ್ಲೇಶಿ ದಿನಕ್ಕೆ ಹದಿನೆಂಟು ಮೈಲಿ ಸೈಕಲ್ ತುಳಿದ ಕಾಲಿನವನು ಎಂಬುದನ್ನು ನಾವು ಅಲ್ಲಿಯವರೆಗೆ ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವನಿಗೆ ದಣಿವು ಎಂಬುದೇ ಇರಲಿಲ್ಲ.

ಭೋಗಿಯ ದಿನ ಸುರಪುರದವರು ಹಳೆಯ ರೂಢಿಯಂತೆ ನಡುವೆ ಮೂವರನ್ನು ಒತ್ತಾಗಿ ನಿಲ್ಲಿಸಿದರು. ನಡುವೆ ನಮ್ಮವರು ಯಾರೂ ಬರಲೇ ಇಲ್ಲ. ಚೆಂಡು ಎಡದ ಅಂಚಿಗೆ ಹೋಯಿತು, ಮತ್ತೆ ಎಡದ ಅಂಚಿಗೇ ಹೋಯಿತು. ಮಲ್ಲೇಶಿ ಮೊದಲನೆಯದನ್ನು ಮೇಲೆ ಹೊಡೆದ. ಎರಡನೆಯದನ್ನು ಹೊಡೆಯುವಾಗ ಜಾರಿ ಬಿದ್ದ. ಮೂರನೆಯದು ಗೋಲಿನ ಒಳಗೆ ಹೋಯಿತು. ಹೋದದ್ದು ಅವನಿಗೇ ಗೊತ್ತಾಗದೆ ಇನ್ನೂ ಓಡುತ್ತಿದ್ದ. ಆಮೇಲೆ ನಾನು ಕೈಯೊಳಗೆ ಬಂದ ಚೆಂಡನ್ನು ಕೈಯಾರೆ ಬಿಟ್ಟು ಸುರಪುರದವರಿಗೆ ಒಂದು ಗೋಲು ದಾನ ಮಾಡಿದೆ. ಆ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇನ್ನೇನು ಆಟ ಮುಗಿಯಿತು ಎನ್ನುವಾಗ ಮಲ್ಲೇಶಿಯ ಕಾಲಿಗೆ ಮತ್ತೆ ಚೆಂಡು ಸಿಕ್ಕಿತು. ಎದುರಿಗೆ ಗೋಲು ಬಾಯಿ ತೆರೆದಿತ್ತು, ಆದರೆ ಮೂವರು ಅವನ ಮೇಲೇ ಬೀಳುತ್ತಿದ್ದರು. ಹೊರಸಿನಿಂದ ಕೂಗು ಬರುವ ಮೊದಲೇ ಮಲ್ಲೇಶಿ ತಾನೇ "ಬಂದ್!" ಎಂದು ಕೂಗಿ ಚೆಂಡನ್ನು ಬಲಕ್ಕೆ ಬಿಟ್ಟುಕೊಟ್ಟ. ಅಲ್ಲಿ ಒಬ್ಬನೇ ನಿಂತಿದ್ದ ಜೀಪ್ ಡ್ರೈವರ್ ಒಳಗೆ ತಳ್ಳಿದ. ಒಂದು ತಿಂಗಳು ವಾರಾಬಂದಿಯನ್ನು ಬೈದವನೇ ಗೆಲುವಿನ ಗೋಲು ಹೊಡೆದದ್ದು. ಊಟಕ್ಕೆ ಕೂತಾಗ ಸುರಪುರದ ನಾಯಕ ಬಡಿಸುತ್ತ, "ಆ ಹೊರಸಿನ ಮ್ಯಾಲಿನಾವ ನಿಮ್ಮ ಹನ್ನೆರಡನೇ ಆಟಗಾರ, ಅಂವಗ ಹೋಳಿಗಿ ಹಾಕಂಗಿಲ್ಲ," ಎಂದ. ಅಂದವನೇ ಮೂರು ಹಾಕಿದ.

ನಾನು ಹೇಳಬೇಕಾದದ್ದು ಅದರ ಮುಂದಿನ ವಾರದ್ದು. ಹಿಂಗಾರಿಗೆ ನೀರು ಬಿಡುವ ಪಾಳಿ ಬಂತು. ಭೀಮಣ್ಣನ ಕಾಲು ಇನ್ನೂ ಪ್ಲಾಸ್ಟರಿನಲ್ಲಿತ್ತು. ರಜೆ ಹಾಕಿ ಮನೆಯಲ್ಲಿರು ಎಂದು ಮೇಲಿನವರು ಹೇಳಿದರು. "ದಂಡಿ ಮ್ಯಾಲ ನಾ ಹೋಗಲೇಬೇಕ್ರಿ," ಎಂದು ಹಟ ಹಿಡಿದ. ನಡೆಯುವುದು ಹೇಗೆ? ಆಗ ಮಲ್ಲೇಶಿ ತನ್ನ ಸೈಕಲ್ಲಿನ ಕ್ಯಾರಿಯರಿಗೆ ಗೋಣಿಚೀಲ ಮಡಚಿ ಕಟ್ಟಿದ. ಭೀಮಣ್ಣ ಅದರ ಮೇಲೆ ಕೂತರೆ ಪ್ಲಾಸ್ಟರ್ ಕಾಲು ರೈಲು ಸಿಗ್ನಲ್ಲಿನ ಕೈಯಂತೆ ಪಕ್ಕಕ್ಕೆ ಚಾಚಿ ನಿಲ್ಲುತ್ತಿತ್ತು. ಆಫೀಸಿಗೆ ಹೊಟ್ಟೆನೋವು ಎಂದು ಚೀಟಿ ಬರೆದು ನಾನೂ ಇನ್ನೊಂದು ಸೈಕಲ್ಲಿನಲ್ಲಿ ಹಿಂದೆ ಹೋದೆ.

ಮೇಲಿನ ಹೊಲದವರು ಎಂದಿನಂತೆ ಪೈಪು ಹಾಕಿದ್ದರು, ಎಂದಿನಂತೆ ಚಹಾ ತಂದರು. ಆದರೆ ಯಾರು ಲಷ್ಕರನ ಕಾಲು ಮುರಿದ ಎಂದು ಅವರು ಊರೆಲ್ಲ ಸಾರಿದ್ದರೋ ಅವನೇ ಲಷ್ಕರನನ್ನು ಹೊತ್ತು ತಂದಿದ್ದನ್ನು ನೋಡಿ ಚಹಾ ತಂದವರು ಅಲ್ಲೇ ನಿಂತರು. ಮುದುಕನೊಬ್ಬ ತಡೆಯಲಾರದೆ ಕೇಳಿದ, "ಭೀಮಣ್ಣ, ಇಂವಾ ಅಲ್ಲೇನೋ ನಿನಗ ಒದ್ದಾವ?"

"ಯಾರೂ ಒದ್ದಿಲ್ಲ ಕಾಕಾ. ಡಾಕ್ಟರ್‌ನ ಕೇಳು. ಒದಿಸ್ಕೊಳ್ಳೂ ಕೆಲಸ ನಾ ಮಾಡಿದ್ದೆ, ಅದು ಬ್ಯಾರೆ. ಈಗ ಪೈಪ್ ತಗಿ. ನಿನ್ನ ಪಾಳಿ ಬಂದಾಗ ನಾನೇ ಬಂದು ನೀರು ಬಿಡ್ತೀನಿ."

ಭೀಮಣ್ಣ ಚಹಾ ಮುಟ್ಟಲಿಲ್ಲ. ಮುದುಕ ಗೊಣಗುತ್ತ ಪೈಪು ಎಳೆದ. ಒಬ್ಬ ತೆಗೆದ ಮೇಲೆ ಮುಂದಿನವನಿಗೂ ನಾಚಿಕೆ. ಐದು ದಿನ ಹೀಗೆ ಸೈಕಲ್ ಮೇಲೆ ನೀರಿನ ಜೊತೆಜೊತೆಗೇ ಹೋದೆವು. ಐದನೆಯ ದಿನ ಮಧ್ಯಾಹ್ನ ನೀರು ಟೇಲಿಗೆ ಮುಟ್ಟಿತು. ಮುಂದೆ ನೊರೆ, ನೊರೆಯ ಮುಂದೆ ತರಗೆಲೆ, ಅದರ ಮುಂದೆ ದಿಕ್ಕೆಟ್ಟು ಓಡುವ ಇರುವೆ, ಹಲ್ಲಿ. ಆಗಲೇ ನಾನು ಆ ವಾಸನೆಯನ್ನು ಮೊದಲ ಸಲ ಎದೆ ತುಂಬ ಕುಡಿದದ್ದು. ಮಲ್ಲೇಶಿಯ ತಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದು ನೀರಿಗೆ ಅರಿಶಿನ ಕುಂಕುಮ ಹಾಕಿದಳು. ಭೀಮಣ್ಣನ ಪ್ಲಾಸ್ಟರಿಗೂ ಒಂದು ಚಿಟಿಕೆ ಹಾಕಿದಳು. ಅವನು ಅತ್ತುಬಿಟ್ಟ. "ಇಷ್ಟು ವರ್ಷ ಲಷ್ಕರಕಿ ಮಾಡೀನಿ, ಟೇಲಿಗೆ ನೀರು ಬಂದದ್ದು ನಾನೇ ನೋಡಿದ್ದಿಲ್ರಿ," ಎಂದ.

ಬೇಸಿಗೆಯ ಹೊತ್ತಿಗೆ ಮಲ್ಲೇಶಿ ಒಂದು ಚೀಲ ಹಸಿ ಶೇಂಗಾ ತಂದು ಮೈದಾನದಲ್ಲಿ ಸುರಿದ. ಆಟ ಬಿಟ್ಟು ಎಲ್ಲರೂ ಕುದಿಸಿಕೊಂಡು ತಿಂದೆವು. ಭೀಮಣ್ಣ ಮರುವರ್ಷ ಮತ್ತೆ ಆಡಿದ, ಆದರೆ ಮೊದಲಿನ ಓಟ ಅವನಿಗೆ ಬರಲೇ ಇಲ್ಲ. ನಡುವೆ ನಿಂತು ಎಡಕ್ಕೆ ಬಲಕ್ಕೆ ಚೆಂಡು ಹಂಚುತ್ತಿದ್ದ. ನನ್ನ ಕಣ್ಣಿಗೆ ಅವನು ಮೊದಲಿಗಿಂತ ಚೆನ್ನಾಗಿ ಆಡುತ್ತಿದ್ದ. ಇದನ್ನು ಅವನಿಗೆ ಹೇಳಿದರೆ, "ಕಾಲು ಕೊಟ್ಟು ಕಲತೀನ್ರಿ, ಸಸ್ತಾ ಸಿಗಲಿಲ್ಲ," ಎನ್ನುತ್ತಿದ್ದ.

ಹೋದ ತಿಂಗಳು ಶಹಾಪುರದಲ್ಲಿ ಬಸ್ಸಿಳಿದವನು ಕುಬಸದ ಮನೆಗೆ ಹೋಗದೆ ಭೀಮಣ್ಣನಿಗೆ ಫೋನು ಹಚ್ಚಿದೆ. ನಿವೃತ್ತನಾಗಿ ಸಗರದಲ್ಲಿದ್ದಾನೆ. ಕಾಲುವೆಗೆ ನೀರು ಬಿಟ್ಟಿದ್ದಾರೆ ಎಂದೆ.

"ಅದು ಗೊತ್ತದ ಬಿಡ್ರಿ. ಟೇಲಿಗೆ ಮುಟ್ಟ್ಯದೇನು?"

ಗೊತ್ತಿಲ್ಲ ಎಂದೆ. "ಹಂಗಾದ್ರ ನಡ್ರಿ, ನೋಡ್ಕೊಂಡು ಬರೂಣು," ಎಂದ. ಕುಬಸದ ಊಟ ತಪ್ಪಿತು, ತಮ್ಮ ಇನ್ನೂ ಮಾತಾಡಿಸುತ್ತಿಲ್ಲ. ಆಟೋ ಮಾಡಿಕೊಂಡು ಟೇಲಿನ ಊರಿಗೆ ಹೋದೆವು. ಮಲ್ಲೇಶಿ ಮಾಸ್ತರ ಬಾಗಿಲಲ್ಲೇ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದ. ಮೂವರಿಗೂ ತಲೆ ಬೆಳ್ಳಗಾಗಿದೆ. ಕಾಲುವೆಯ ದಂಡೆ ಅಲ್ಲಿ ಬಹಳ ಇಕ್ಕಟ್ಟು, ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ಮುಂದಿದ್ದ ಭೀಮಣ್ಣ ನಾಲ್ಕು ಹೆಜ್ಜೆ ಹೋಗಿ ನಿಂತ. ಹಿಂದೆ ಬರುತ್ತಿದ್ದ ಮಲ್ಲೇಶಿಯನ್ನು ತಿರುಗಿ ನೋಡಿ, ಬಾಗಿ, ಹೊಲಿಗೆಯ ಗುರುತಿದ್ದ ಹಿಮ್ಮಡಿಯ ಮೇಲೆ ಕೈ ಮುಚ್ಚಿಕೊಂಡ.

"ಒದೀತೀರಿ ಮಾಸ್ತರ. ನೀವು ಮುಂದ ನಡ್ರಿ," ಎಂದು ದಾರಿ ಬಿಟ್ಟ.

ಮಲ್ಲೇಶಿ ನಗುತ್ತ ಅವನನ್ನು ದಾಟಿ ಮುಂದೆ ಹೋದ. ನಾವಿಬ್ಬರೂ ಅವನ ಹಿಂದೆ ನೀರು ನೋಡಲು ನಡೆದೆವು.